ಒಂದು ಹೆಬ್ಬೆರಳಗಲ

ನಮ್ಮ ಮಾವ ಗಾಲ್ಫಿನ ಡ್ರೈವರ್ ಕೋಲು ಬೀಸಬೇಕಾದರೆ ಇಬ್ಬರು ಬೇಕು. ಬೀಸುವುದಕ್ಕೆ ಅವರು, ಇಟ್ಟುಕೊಡುವುದಕ್ಕೆ ಅತ್ತೆ. ಚೆಂಡು ಎಲ್ಲಿಗೆ ಹೋಯಿತು ಎಂದು ನಿಜ ಹೇಳಲು ಮೂರನೆಯವರೊಬ್ಬರಿದ್ದರೆ ಇನ್ನೂ ವಾಸಿ. ಏಕೆಂದರೆ ಮಾವನಿಗೆ ಕಣ್ಣು ಕಾಣುವುದಿಲ್ಲ, ಅತ್ತೆಯೋ ಮೈದಾನದಲ್ಲಿ ನಿಂತು ಗಂಡನ ಹೊಡೆತವನ್ನು ಕೆಟ್ಟದ್ದೆಂದು ಒಮ್ಮೆಯೂ ಅಂದವರಲ್ಲ. ಆ ಬಾಕಿಯನ್ನೆಲ್ಲ ಅವರು ಮನೆಗೆ ಬಂದು ಅಡುಗೆಮನೆಯಲ್ಲಿ ತೀರಿಸುತ್ತಿದ್ದರು.

ಗಾಲ್ಫ್ ಎಂದ ಕೂಡಲೇ ನಮ್ಮನ್ನು ಸಿರಿವಂತರೆಂದು ತಿಳಿಯಬೇಡಿ. ಮಾವ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದವರು. ಮೀಸೆ ಚಿಗುರುವಾಗ ಕೆಲಸಕ್ಕೆ ಸೇರಿ, ಅದೇ ಮೀಸೆ ಬೆಳ್ಳಗಾಗುವ ತನಕ ಅದೇ ಯಂತ್ರದ ಮೇಲೆ ಕೂತಿದ್ದರು. ಅಲ್ಲಿ ಸೋಮವಾರ ಸದಸ್ಯರಿಗೆ ಬಾಗಿಲು ಮುಚ್ಚಿರುತ್ತದೆ. ಅಂದು ಮೈದಾನ ಕೆಲಸದವರದು. ಹುಲ್ಲಿನವರು, ನೀರಿನವರು, ಅಡುಗೆಯವರು, ಕಾವಲಿನವರು ಎಲ್ಲರೂ ಯಾರೋ ಬಿಟ್ಟುಹೋದ ಹಳೆಯ ಕ್ಲಬ್ಬುಗಳನ್ನು, ಅಂದರೆ ಆಟದ ಕೋಲುಗಳನ್ನು, ಹಿಡಿದು ಆಡುತ್ತಾರೆ. ನಿವೃತ್ತರಾದವರೂ ಬರಬಹುದು. ಮಾವ ಆಟ ಕಲಿತದ್ದು ಆ ಸೋಮವಾರಗಳಲ್ಲೇ. ಆಮೇಲೆ ಅವರ ಕಣ್ಣಿನ ನರ ಒಣಗತೊಡಗಿತು. ಕತ್ತಲೆ ಅಂಚಿನಿಂದ ಒಳಕ್ಕೆ ಬರುತ್ತಾ ಬರುತ್ತಾ, ಕೆಲಸ ಬಿಟ್ಟ ಸ್ವಲ್ಪ ಕಾಲಕ್ಕೆ ಪೂರ್ತಿ ಮುಚ್ಚಿಕೊಂಡಿತು. ಸೋಮವಾರದ ಆಟ ಮಾತ್ರ ನಿಲ್ಲಲಿಲ್ಲ.

ಕಣ್ಣಿಲ್ಲದವರು ಹೇಗೆ ಆಡುತ್ತಾರೆ ಎಂದು ನನ್ನ ಫೋಟೋ ಫ್ರೇಮಿನ ಅಂಗಡಿಗೆ ಬರುವವರೆಲ್ಲ ಕೇಳುತ್ತಾರೆ. ಹೇಳುತ್ತೇನೆ. ಡ್ರೈವರ್ ಅಂದರೆ ಕ್ಲಬ್ಬುಗಳಲ್ಲೆಲ್ಲ ಉದ್ದನೆಯದು, ತುದಿಯಲ್ಲಿ ಮುಷ್ಟಿಗಿಂತ ದೊಡ್ಡದಾದ ಟೊಳ್ಳು ತಲೆ. ಈ ಹೊಡೆತಕ್ಕೆ ಚೆಂಡನ್ನು ನೆಲದ ಮೇಲಿಡದೆ ಪುಟ್ಟ ಮರದ ಗೂಟದ ಮೇಲೆ ಕೂರಿಸುತ್ತಾರೆ. ಅತ್ತೆ ಕುಕ್ಕರಗಾಲಿನಲ್ಲಿ ಕೂತು, ಡ್ರೈವರಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಚೆಂಡಿನ ಹಿಂದೆ ಇಡುವರು. ಮಾವ ಮೇಲಿನ ಹಿಡಿಯನ್ನು ಹಿಡಿದು, ಆ ಕೋಲು ಹೇಳಿದಷ್ಟು ದೂರದಲ್ಲಿ ನಿಲ್ಲುವರು. ಅತ್ತೆ ಅವರ ಬೂಟುಗಳನ್ನು ಒಂದೊಂದಾಗಿ ಹಿಡಿದು ದಿಕ್ಕಿಗೆ ತಿರುಗಿಸಿ, ಎದ್ದು ಹಿಂದೆ ಸರಿದು "ಹೂಂ" ಎನ್ನುವರು. ಅಲ್ಲಿಂದಾಚೆಗೆ ಮಾವನ ಕೆಲಸ. ಬೀಸುವುದು ಅವರ ಮೈಗೆ ಅಚ್ಚಾಗಿ ಕೂತಿದೆ. ಎಲ್ಲಿ ನಿಲ್ಲಬೇಕು ಎನ್ನುವುದು ಮಾತ್ರ ಇನ್ನೊಬ್ಬರ ಕೈಯಲ್ಲಿ.

"ನಟ್ಟನಡುವೆ ಇಡೇ" ಎಂದು ಮಾವ ಪ್ರತಿ ಸಲವೂ ಹೇಳುವರು. ಇಟ್ಟಿದ್ದೇನೆ ಎಂದು ಅತ್ತೆ ಪ್ರತಿ ಸಲವೂ ಹೇಳುವರು. ಹೊಡೆತ ಕೆಟ್ಟರೆ ಇವತ್ತು ನಡು ತಪ್ಪಿದೆ ಎಂದು ಅತ್ತೆಯ ತಲೆಗೆ ಕಟ್ಟುವರು, ಚೆನ್ನಾಗಿ ಹೋದರೆ ತಮ್ಮ ತೋಳನ್ನು ತಾವೇ ತಟ್ಟಿಕೊಳ್ಳುವರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಮ್ಮ ಮಾವನನ್ನು ನೋಡಿಯೇ ಯಾರೋ ಕಟ್ಟಿರಬೇಕು.

ಹೀಗಿರುವಾಗ ಅತ್ತೆಯ ಮಂಡಿ ಕೈಕೊಟ್ಟಿತು. ಸವೆದ ಮಂಡಿಯನ್ನು ತೆಗೆದು ಹೊಸದನ್ನು ಹಾಕಿದರು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ಕುಕ್ಕರಗಾಲಿನಲ್ಲಿ ಕೂರುವುದನ್ನು ಮಾತ್ರ ಈ ಜನ್ಮಕ್ಕೆ ಮರೆತುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮಂಚದ ಮೇಲಿದ್ದ ಅತ್ತೆ, ಹಾಗಾದರೆ ಸೋಮವಾರ ಏನು ಮಾಡುವುದು ಎಂದು ಕೇಳಿದರು. ಸೋಮವಾರ ಬರಬೇಕಾಗಿಲ್ಲ, ಹೊಲಿಗೆ ಬಿಚ್ಚುವುದು ಗುರುವಾರ ಎಂದು ಡಾಕ್ಟರು ಸಮಾಧಾನ ಹೇಳಿದರು. ನಾನೂ ಮಾವನೂ ಪಕ್ಕದಲ್ಲೇ ನಿಂತಿದ್ದೆವು. ನಗು ಬರಲಿಲ್ಲ.

ಮೊದಲು ನನ್ನ ಗಂಡ ಆ ಕೆಲಸಕ್ಕೆ ಕೈಹಾಕಿದ. ಅಪ್ಪ ಮಗ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಪ್ರೀತಿ ಇಲ್ಲವೆಂದಲ್ಲ, ಇಬ್ಬರ ಮಾತೂ ಒಂದೇ ಕೋಣೆಯಲ್ಲಿ ಹಿಡಿಸುವುದಿಲ್ಲ. ಮೊದಲ ಹೊಡೆತಕ್ಕೆ ಸಲಹೆ, ಎರಡನೆಯದಕ್ಕೆ ಜಗಳ, ಮೂರನೆಯದು ನಡೆಯಲೇ ಇಲ್ಲ. ಮನೆಗೆ ಬಂದವರು ಒಬ್ಬರು ಹಿತ್ತಿಲಲ್ಲಿ, ಒಬ್ಬರು ಬೀದಿಯಲ್ಲಿ ನಿಂತರು. ನಡುವೆ ಕ್ಲಬ್ಬಿನ ಚೀಲವನ್ನು ಹೊತ್ತವಳು ನಾನು.

ಆಮೇಲೆ ಮಾವ ಆಟದ ಮಾತನ್ನೇ ಎತ್ತಲಿಲ್ಲ. ನನ್ನ ಅಂಗಡಿಯ ಕುರ್ಚಿಯಲ್ಲಿ ತೊಡೆಯ ಮೇಲೆ ಕೈಯಿಟ್ಟು ಕೂರುತ್ತಿದ್ದರು. ಮಾತನಾಡಿಸಿದರೆ ಉತ್ತರ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅವರು ಗೋಡೆಯನ್ನು ಬೆರಳಿನಿಂದ ಸವರಿಕೊಂಡೇ ನಡೆಯುವವರು. ಇಷ್ಟು ವರ್ಷದ ಮನೆಯಾದರೂ ಸರಿಯೇ. ಮೈದಾನದಲ್ಲಿ ಮಾತ್ರ ಕೈ ಬೀಸಿಕೊಂಡು ನಡೆಯುತ್ತಿದ್ದರು, ಅಲ್ಲಿನ ಏರು ಇಳಿವೆಲ್ಲ ಯಂತ್ರದ ಮೇಲೆ ಕೂತು ಸೊಂಟಕ್ಕೆ ಗೊತ್ತಾಗಿತ್ತು. ಆಟ ನಿಂತ ಮೇಲೆ ಅಂಗಡಿಯಲ್ಲಿಯೂ ಗೋಡೆಯನ್ನು ಹುಡುಕಿಕೊಂಡು ನಡೆಯಲಾರಂಭಿಸಿದರು. ಒಂದು ದಿನ, ಕ್ಲಬ್ಬುಗಳನ್ನು ಕೆಲಸದವರ ಕೋಣೆಗೆ ಕೊಟ್ಟುಬಿಡಮ್ಮ, ಯಾರಾದರೂ ಆಡಿಕೊಳ್ಳಲಿ ಎಂದರು.

ಈ ಮನುಷ್ಯನ ಋಣ ನನ್ನ ಮೇಲೆ ಬೆಟ್ಟದಷ್ಟಿದೆ. ನಾನು ಫೋಟೋ ಫ್ರೇಮು ಹಾಕುವವಳು. ತವರಿನಲ್ಲಿ ಅಪ್ಪನಿಂದ ಕಲಿತ ಕೆಲಸ. ಮದುವೆಯಾಗಿ ಬಂದಾಗ ಸೊಸೆ ಮನೆ ಮುಂದೆ ಗರಗಸ ಹಿಡಿದು ಕೂರುವುದು ಚೆನ್ನಾಗಿರುತ್ತದೆಯೇ ಎಂದು ನೆಂಟರಿಷ್ಟರೆಲ್ಲ ಮೂಗು ಮುರಿದರು. ಮಾವ ಮಾತ್ರ ತಮ್ಮ ಯಂತ್ರದ ಬಿಡಿಭಾಗಗಳಿದ್ದ ಮುಂದಿನ ಕೊಟ್ಟಿಗೆಯನ್ನು ತೆರವು ಮಾಡಿ, ಎಣ್ಣೆಯ ಕಲೆಗಳನ್ನು ತಾವೇ ಉಜ್ಜಿ ತೊಳೆದು, ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಕಣ್ಣು ಮಂಜಾಗುತ್ತಾ ಹೋದಂತೆ ಕೆಲಸದಿಂದ ಬಂದವರು ಅಂಗಡಿಯಲ್ಲೇ ಕೂತು, ನಾನು ಕತ್ತರಿಸುವಾಗ ಪಟ್ಟಿಯ ಆಚೆ ತುದಿ ಹಿಡಿದರು. ಗಿರಾಕಿ ಬಂದರೆ ಫ್ರೇಮಿನ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ, ಇಲ್ಲಿ ಎರಡು ಮರ ಸೇರಿದೆ ಅಂತ ನನ್ನ ಬೆರಳಿಗೇ ಗೊತ್ತಾಗ್ತಿಲ್ಲ, ನಿಮ್ಮ ಕಣ್ಣಿಗೆ ಗೊತ್ತಾಗುತ್ತಾ ನೋಡಿ ಎನ್ನುವರು. ಅದಕ್ಕಿಂತ ದೊಡ್ಡ ಜಾಹೀರಾತು ನನಗೆ ಯಾರು ಮಾಡಿಯಾರು? ನನ್ನ ಕೆಲಸವನ್ನು ಹೆಮ್ಮೆಯಿಂದ ಹೇಳಿಕೊಂಡ ಮೊದಲ ಮನುಷ್ಯ ಅವರು. ಅಂಥವರು ಗೋಡೆ ತಡವಿಕೊಂಡು ಓಡಾಡುವುದನ್ನು ನೋಡಿಕೊಂಡು ನಾನು ಗಾಜು ಒರೆಸುತ್ತಾ ಕೂರುವುದೇ?

ಸೋಮವಾರ ನಾನು ಬರುತ್ತೇನೆ, ಕ್ಲಬ್ಬು ಇಟ್ಟುಕೊಡುತ್ತೇನೆ ಎಂದೆ. ಮಾವ ಬೇಡವೆಂದರು. ನಾನು ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಮಾತನಾಡುತ್ತಿದ್ದೇನೆ ಎಂದು ಅದರ ಸದ್ದಿನಿಂದ ಅವರಿಗೆ ತಿಳಿಯಿತು. ಅತ್ತೆ ಮಂಚದಿಂದಲೇ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ, ಹೋಗಿ ಬನ್ನಿ ಎಂದರು. ಹೇಗೆ ಇಡಬೇಕೆಂದು ಅವರನ್ನು ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಅದರಲ್ಲಿ ಕೇಳುವುದೇನಿದೆ? ದಿನವಿಡೀ ಅಳತೆ, ಮೂಲೆ, ನಡು ಎಂದು ಬದುಕುವವಳು ನಾನು.

ಮೊದಲ ಗುಂಡಿಗೆ ಆಟ ಶುರುಮಾಡುವ ಜಾಗದಲ್ಲಿ ಆ ಬೆಳಗ್ಗೆ ನಮ್ಮ ಜೊತೆಗಿದ್ದವನು ತುಂತುರಣ್ಣ. ಮೈದಾನದ ನೀರಿನ ಚಿಲುಮೆಗಳನ್ನು ನೋಡಿಕೊಳ್ಳುವವನಾದ್ದರಿಂದ ಅವನಿಗೆ ಆ ಹೆಸರು. ಮಾವನ ಹಳೆಯ ಜೊತೆಗಾರ, ಚೆಂಡು ಎಲ್ಲಿ ಬಿತ್ತೆಂದು ಹೇಳುವುದು ಅವನ ಪಾಲಿನ ಕೆಲಸ. ಮಾವ ಮೊದಲು ನನಗೆ ಪಾಠ ಹೇಳಿದರು. ಡ್ರೈವರಿನ ಮುಖದಲ್ಲಿ, ಅಂದರೆ ಚೆಂಡಿಗೆ ತಾಗುವ ಬದಿಯಲ್ಲಿ, ಕೋಲು ಸೇರುವ ಕಡೆಗೆ ಹಿಮ್ಮಡಿ ಎಂದು ಹೆಸರು, ಆಚೆ ಕೊನೆಗೆ ಬೆರಳು ಎಂದು, ಎರಡರ ನಡುವೆ ಚೆಂಡು. ನಟ್ಟನಡುವೆ, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ನಾನು ಕೂತೆ. ಫ್ರೇಮಿನ ಮೂಲೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದೆ. ಡ್ರೈವರಿನ ತಲೆಯನ್ನು ಹುಲ್ಲಿನ ಮೇಲೆ ಸಪಾಟಾಗಿ ಕೂರಿಸಿ, ನಡುವಿನ ಗೆರೆಯನ್ನು ಚೆಂಡಿನ ನೇರಕ್ಕೆ ತಂದು, ಮುಖವನ್ನು ಗುರಿಗೆ ತಿರುಗಿಸಿದೆ. ಇದಕ್ಕಿಂತ ಚೊಕ್ಕವಾಗಿ ಯಾರೂ ಇಡಲಾರರು ಎಂದುಕೊಂಡು "ಹೂಂ" ಎಂದೆ.

ಮಾವ ಬೀಸಿದರು. ಒಡೆದ ಮಡಕೆಯನ್ನು ತಟ್ಟಿದ ಹಾಗೆ ಸದ್ದು. ಚೆಂಡು ಎತ್ತರಕ್ಕೇ ಏಳದೆ ಬಲಕ್ಕೆ ಜಾರಿಕೊಂಡು ಹೋಗಿ ಪೊದೆಯ ಬುಡದಲ್ಲಿ ಕೂತಿತು. ಪೊದೆ ಎಂದ ತುಂತುರಣ್ಣ. ಇನ್ನೊಂದು ಇಟ್ಟೆ. ಅದೂ ಪೊದೆ. ಇನ್ನೊಂದು, ಮತ್ತೊಂದು. ಇಡುವಾಗ ನಾನು ಮತ್ತಷ್ಟು ಹುಷಾರಾದೆ, ಚೆಂಡು ಮತ್ತಷ್ಟು ಬಲಕ್ಕೆ ಹೋಯಿತು. ಕೊನೆಗೆ ತುಂತುರಣ್ಣ ಬಾಯಿ ಬಿಡುವುದನ್ನೇ ನಿಲ್ಲಿಸಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯಂತೆ ಮಾವ ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಡ್ರೈವರಿನ ಮೇಲೆ ಎರಡೂ ಕೈಯೂರಿ ನಿಂತು, "ನೀನು ಸರಿಯಾಗೇ ಇಟ್ಟಿದೀಯಮ್ಮಾ. ನಿನ್ನ ಕೈ ಅಳತೆ ನನಗೆ ಗೊತ್ತಿಲ್ವಾ? ನನ್ನ ಮೈಯಲ್ಲೇ ಇನ್ನೇನೂ ಉಳಿದಿಲ್ಲ" ಎಂದರು. ಹೆಂಡತಿಯ ಮೇಲೆ ಸದಾ ತಪ್ಪು ಹೊರಿಸುತ್ತಿದ್ದ ಬಾಯಿ ನನ್ನ ವಿಷಯಕ್ಕೆ ಬಂದಾಗ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಿತು. ವಾಪಸು ಬರುವಾಗ ಆ ಹುಲ್ಲಿನ ಮೇಲೆಯೇ ಅವರು ನನ್ನ ತೋಳು ಹಿಡಿದುಕೊಂಡರು. ಅಲ್ಲಿ ಅವರು ಯಾರ ತೋಳನ್ನೂ ಹಿಡಿದವರಲ್ಲ.

ಮನೆಗೆ ಬಂದು ಮಾವ ಮಲಗಿದರು. ನನಗೆ ಸಿಟ್ಟು ಬಂದರೆ ಏನಾದರೂ ಒರೆಸಬೇಕು. ಡ್ರೈವರನ್ನು ಅಂಗಡಿಯ ಮೇಜಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ತಿಕ್ಕತೊಡಗಿದೆ. ಆಗ ಕಣ್ಣಿಗೆ ಬಿತ್ತು. ಮುಖದ ನಟ್ಟನಡುವೆ ನಾಣ್ಯದಗಲದ ಒಂದು ಜಾಗ ವರ್ಷಗಟ್ಟಲೆ ಚೆಂಡು ತಾಗಿ ತಾಗಿ ನುಣ್ಣಗೆ ಹೊಳೆಯುತ್ತಿತ್ತು. ಇವತ್ತಿನ ಹೊಸ ಬಿಳಿ ಗುರುತುಗಳು ಒಂದೂ ಅಲ್ಲಿರಲಿಲ್ಲ. ಎಲ್ಲವೂ ಹಿಮ್ಮಡಿಯ ಹತ್ತಿರ, ಕೋಲಿನ ಬುಡದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಮೈಯಲ್ಲಿ ಏನೂ ಉಳಿಯದವನ ಹೊಡೆತ ಹೀಗೆ ಒಂದೇ ಕಡೆ ಬೀಳುತ್ತದೆಯೇ? ಅಲ್ಲೊಂದು ಇಲ್ಲೊಂದು ಬೀಳಬೇಕು. ಮಾವನ ಕೈ ತಪ್ಪಿಲ್ಲ ಎಂದು ನನಗೆ ಖಾತ್ರಿಯಾಯಿತು. ಡ್ರೈವರನ್ನು ಹಾಗೇ ಹಿಡಿದುಕೊಂಡು ಅತ್ತೆಯ ಕೋಣೆಗೆ ಹೋದೆ.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಡ್ರೈವರಿನ ಮುಖದ ಮೇಲಿನ ಗುರುತುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಎಲ್ಲಿಟ್ಟೆ?"

"ನಡುವೆ."

"ಯಾರು ಹೇಳಿದ್ದು ನಡುವೆ ಅಂತ?"

"ಮಾವ."

"ಅವರು ಹೇಳಿದ ಹಾಗೇ ಮಾಡಿಬಿಟ್ಯಾ?" ಎಂದು ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ಹುಚ್ಚೀ."

ಬಾಗಿಲು ಮುಚ್ಚಿಸಿ, ದನಿ ತಗ್ಗಿಸಿ ಹೇಳಿದರು. ಶುರುವಿನಲ್ಲಿ ಅವರೂ ಗಂಡ ಹೇಳಿದಂತೆ ನಡುವೆಯೇ ಇಟ್ಟಿದ್ದರಂತೆ. ಚೆಂಡು ಹೀಗೇ ಪೊದೆಗೆ ಹೋಗುತ್ತಿತ್ತಂತೆ. ಮನೆಗೆ ಬಂದು ಕ್ಲಬ್ಬು ಒರೆಸುವಾಗ ಅವರಿಗೂ ಇದೇ ಗುರುತುಗಳು ಕಂಡವು. ಮುಂದಿನ ಸಲ ಡ್ರೈವರನ್ನು ಮಾವನ ಕಡೆಗೆ ಒಂಚೂರು ಎಳೆದು, ಚೆಂಡು ಅದರ ಬೆರಳಿನ ಕಡೆಗೆ ಬರುವಂತೆ ಇಟ್ಟು ನೋಡಿದರು. ಚೆಂಡು ನೆಟ್ಟಗೆ ಹೋಯಿತು. ಅಂದಿನಿಂದ ಇಂದಿನವರೆಗೂ ಹಾಗೆಯೇ. ಮಾವ ನಡು ಎನ್ನುವುದು, ಅತ್ತೆ ಹೂಂ ಎನ್ನುವುದು, ಇಡುವುದು ಮಾತ್ರ ತಮಗೆ ಬೇಕಾದಲ್ಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಕಣ್ಣಿದ್ದಾಗ್ಲೂ ಅವರು ನಡುವೆ ಇಡ್ತಿರಲಿಲ್ಲ ಕಣೇ," ಎಂದರು ಅತ್ತೆ. "ಅವರ ಕಣ್ಣು ತಾನಾಗೇ ಸರಿ ಮಾಡ್ಕೊಳ್ತಿತ್ತು. ಅದು ಅವರಿಗೇ ಗೊತ್ತಿಲ್ಲ."

ಎಷ್ಟು ಎಳೆಯಬೇಕು ಎಂದು ಕೇಳಿದೆ. ಅದನ್ನು ಬಾಯಲ್ಲಿ ಹೇಳಲು ಅವರಿಗೆ ಬರಲಿಲ್ಲ, ಅದು ಅವರ ಕೈಗೆ ಮಾತ್ರ ಗೊತ್ತಿದ್ದ ವಿಷಯ. ಬಗ್ಗಿ ತೋರಿಸೋಣವೆಂದರೆ ಮಂಡಿ ಬಿಡದು. ಕೊನೆಗೆ ನಾನು ಅಂಗಡಿಯಿಂದ ಗಾಜಿಗೆ ಮೆತ್ತುವ ಪುಟ್ಟಿಯ ಉಂಡೆ ತಂದು ಊಟದ ಮೇಜಿನ ಮೇಲೆ ಮೆತ್ತಿ, ಅದಕ್ಕೆ ಗೂಟ ಚುಚ್ಚಿ ಚೆಂಡು ಕೂರಿಸಿದೆ. ಅತ್ತೆಯನ್ನು ಕುರ್ಚಿ ಸಮೇತ ಮೇಜಿನ ಹತ್ತಿರ ಎಳೆದೆ. ನಾನು ಸ್ಟೂಲಿನ ಮೇಲೆ ಹತ್ತಿ ಮಾವನಂತೆ ಹಿಡಿ ಹಿಡಿದು ನಿಂತೆ. ಆಗ ಯಾರಾದರೂ ಒಳಗೆ ಬಂದಿದ್ದರೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದೇ ತೀರ್ಮಾನಿಸುತ್ತಿದ್ದರು.

ಅತ್ತೆ ಮೊದಲು ನನ್ನಂತೆಯೇ ಮೇಜಿನ ಮೇಲೆ ನಡುವೆ ಇಟ್ಟು ತೋರಿಸಿದರು. ಆಮೇಲೆ ಅದನ್ನು ಚೆಂಡಿನ ಎತ್ತರಕ್ಕೆ ಎತ್ತು ಎಂದರು. ಎತ್ತಿದೆ. ಡ್ರೈವರಿನ ತಲೆ ಮೇಲೇಳುತ್ತಾ ನನ್ನಿಂದ ಆಚೆಗೂ ಹೋಯಿತು. ನಡುವಿನಲ್ಲಿದ್ದ ಚೆಂಡು ಈಗ ಹಿಮ್ಮಡಿಯ ಮುಂದೆ ನಿಂತಿತ್ತು. ಅದರ ಮೇಲೆ ಮಾವ ಬೀಸುವಾಗ ತೋಳು ಇನ್ನಷ್ಟು ಉದ್ದವಾಗುತ್ತದೆ. ನೆಲದ ಮೇಲಿನ ನಡುವನ್ನು ನಾನು ಅಳೆದಿದ್ದೆ. ಚೆಂಡು ನೆಲದ ಮೇಲೆ ಇರಲೇ ಇಲ್ಲವಲ್ಲ!

ನನಗೆ ನನ್ನ ಮೇಲೆಯೇ ನಗು ಬಂತು. ಚಿತ್ರದ ಸುತ್ತ ಹಾಕುವ ಬಿಳಿ ರಟ್ಟಿನಲ್ಲಿ ಕೆಳಗಿನ ಅಂಚನ್ನು ನಾವು ಯಾವಾಗಲೂ ಮೇಲಿನದಕ್ಕಿಂತ ಒಂದಿಷ್ಟು ಅಗಲ ಬಿಡುತ್ತೇವೆ. ಸಮಸಮ ಬಿಟ್ಟರೆ ಗೋಡೆಗೆ ಹಾಕಿದಾಗ ಚಿತ್ರ ಕೆಳಕ್ಕೆ ಜಾರಿದ ಹಾಗೆ ಕಾಣುತ್ತದೆ. ಅಳತೆಯ ನಡು ಬೇರೆ, ಕೂರುವ ನಡು ಬೇರೆ ಎಂದು ಅಂಗಡಿಯಲ್ಲಿ ನಾನೇ ಊರಿಗೆಲ್ಲ ಪಾಠ ಹೇಳುವವಳು. ಮೈದಾನಕ್ಕೆ ಹೋದ ಕೂಡಲೇ ಆ ಬುದ್ಧಿಯನ್ನು ಅಂಗಡಿಯಲ್ಲೇ ಬಿಟ್ಟು ಹೋಗಿದ್ದೆ.

ಅತ್ತೆ ನನ್ನ ಕೈಯ ಮೇಲೆ ಕೈಯಿಟ್ಟು ಡ್ರೈವರನ್ನು ಎಳೆದರು, ನಿಲ್ಲಿಸಿದರು. ಒಂದು ಹೆಬ್ಬೆರಳಗಲ. ಮತ್ತೆ ಎಳೆಸಿದರು, ಮತ್ತೆ ನಿಲ್ಲಿಸಿದರು. ನನ್ನ ಕೈಗೆ ಅದು ಬರುವ ತನಕ ಬಿಡಲಿಲ್ಲ. ಅವರ ಅಂಗೈ ಬೆಚ್ಚಗಿತ್ತು, ಒರಟಾಗಿತ್ತು. ಮಾವನಿಗೆ ಹೇಳಬೇಡ ಎಂದು ಆಣೆ ಮಾಡಿಸಿಕೊಂಡರು. ಗೊತ್ತಾದರೆ ನಡು ಎಲ್ಲಿದೆ ಎಂದು ಹುಡುಕಲು ಹೋಗಿ ಬೀಸುವುದನ್ನೇ ಮರೆಯುತ್ತಾರೆ, ಅದೂ ಅಲ್ಲದೆ ಆ ನೆಟ್ಟಗಿನ ಹೊಡೆತ ಬಿಟ್ಟರೆ ಅವರಿಗೆ ಹೇಳಿಕೊಳ್ಳಲು ಇನ್ನೇನಿದೆ ಎಂದರು. ನಾನು ಆಣೆ ಮಾಡಿದೆ.

ಮುಂದಿನ ಸೋಮವಾರ ಮಾವನನ್ನು ಹೊರಡಿಸುವುದೇ ದೊಡ್ಡ ಕೆಲಸವಾಯಿತು. ಕೊನೆಯ ಸಲ ಎಂದು ಹೇಳಿಸಿಕೊಂಡೇ ಹೊರಟರು. ಚೀಲವನ್ನು ವಾಪಸು ತರುವುದು ಬೇಡ, ಅಲ್ಲೇ ಬಿಟ್ಟು ಬರೋಣ ಎಂದರು. ನಾನು ಸರಿ ಎಂದೆ. ತುಂತುರಣ್ಣ ಕಾಫಿ ತಂದುಕೊಟ್ಟ. ಮಾವ ಕುಡಿಯಲಿಲ್ಲ.

ಗೂಟ ಚುಚ್ಚಿದೆ, ಚೆಂಡು ಕೂರಿಸಿದೆ. ಡ್ರೈವರಿನ ತಲೆಯನ್ನು ಚೆಂಡಿನ ಹಿಂದೆ ಇಟ್ಟು, ನನ್ನ ಕೈಯ ಮೇಲೆ ಅತ್ತೆಯ ಕೈ ಇದೆಯೆಂದೇ ನೆನೆದು, ಮಾವನ ಕಡೆಗೆ ಎಳೆದೆ. ನಿಲ್ಲಿಸಿದೆ. ಬೂಟುಗಳನ್ನು ತಿರುಗಿಸಿ, ಹಿಂದೆ ಸರಿದು "ಹೂಂ" ಎಂದೆ.

ಮಾವ ಬೀಸಿದರು. ಈ ಸಲದ ಸದ್ದೇ ಬೇರೆ, ಚೊಕ್ಕವಾದ ಒಂದೇ ಟಣ್. ಚೆಂಡು ಎದ್ದದ್ದು ಕಂಡಿತು, ಆಮೇಲೆ ಕಾಣಲಿಲ್ಲ. ತುಂತುರಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, ನಡುದಾರಿಯಲ್ಲಿ, ಹಳೇ ಜಾಗದಲ್ಲೇ ಬಿದ್ದಿದೆ ಗುರುವೇ ಎಂದ. ಇನ್ನೊಂದು ಇಡು ಎಂದರು ಮಾವ. ಇಟ್ಟೆ. ಅದೂ ಹೋಗಿ ಮೊದಲನೆಯದರ ಹತ್ತಿರವೇ ಬಿತ್ತು. ನನಗೆ ಕುಣಿಯಬೇಕೆನಿಸಿತು. ಮಾವನ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

"ಹೋದ ವಾರ ಇಟ್ಟ ಹಾಗೇ ಇಟ್ಯಾ?"

"ಹೂಂ ಮಾವ, ಹಾಗೇ."

"ಸುಳ್ಳು ಹೇಳ್ಬೇಡಮ್ಮ. ಒಂದು ವಾರದಲ್ಲಿ ಮುದುಕನ ಮೈಗೆ ಹರೆಯ ಬರಲ್ಲ."

ನಾನು ತುಂತುರಣ್ಣನ ಮುಖ ನೋಡಿದೆ, ಅವನು ಆಕಾಶ ನೋಡಿದ. ಆಣೆ ನನ್ನ ಬಾಯಿಗೆ ಬೀಗ ಹಾಕಿತ್ತು. ಮಾವ ಇನ್ನೊಂದು ಚೆಂಡು ಇಡಲು ಹೇಳಿದರು. ನಾನು ಇಟ್ಟು ಸರಿಮಾಡಿದ ಮೇಲೆ ಹಾಗೇ ಹಿಡಿದುಕೋ, ಅಲ್ಲಾಡಿಸಬೇಡ ಎಂದು ಹೇಳಿ, ಹಿಡಿಯನ್ನು ಬಿಟ್ಟು ಕೋಲನ್ನೇ ಸವರಿಕೊಂಡು ಕೆಳಕ್ಕೆ ಬಂದು ಹುಲ್ಲಿನ ಮೇಲೆ ಕೂತರು. ಕಣ್ಣು ಹೋದ ಮೇಲೆ ಅವರು ಆ ಜಾಗಕ್ಕೆ ಕೈ ಚಾಚಿದ್ದು ಅದೇ ಮೊದಲು. ಒಂದು ಬೆರಳನ್ನು ಚೆಂಡಿನ ಮೇಲಿಟ್ಟರು. ಇನ್ನೊಂದನ್ನು ಡ್ರೈವರಿನ ಮುಖದ ಮೇಲೆ ಆಡಿಸಿ ನಡುವಿನ ನುಣುಪಾದ ಜಾಗವನ್ನು ಹುಡುಕಿದರು. ಎರಡರ ನಡುವಿನ ಅಂತರಕ್ಕೆ ಹೆಬ್ಬೆರಳನ್ನು ಇಟ್ಟು ನೋಡಿದರು. ಸರಿಯಾಗಿ ಕೂತಿತು.

ಹುಲ್ಲಿಗೆ ಕೈಯೂರಿ ಎದ್ದರು. ಆಮೇಲೆ, ಮನೆಗೆ ಹೋಗೋಣ ಎಂದರು. ಚೀಲ ಎಂದು ತುಂತುರಣ್ಣ ಕೇಳುವಾಗ ಅವರು ಆಗಲೇ ನಡೆಯತೊಡಗಿದ್ದರು. ಅದನ್ನು ಅಲ್ಲಿ ಬಿಡಲು ನನಗೆ ಮನಸ್ಸಾಗಲಿಲ್ಲ, ಹೊತ್ತುಕೊಂಡೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಶಪಿಸಿಕೊಂಡೆ. ಅವರ ಹೊಡೆತವನ್ನು ಮರಳಿ ಕೊಡಲು ಹೋಗಿ, ಅದು ಅವರದೇ ಎಂಬ ಹೆಮ್ಮೆಯನ್ನೇ ಕಿತ್ತುಕೊಂಡೆನಲ್ಲ. ಇನ್ನು ಇವರು ಈ ಕ್ಲಬ್ಬನ್ನು ಮುಟ್ಟುವುದಿಲ್ಲ, ಅತ್ತೆ ನನ್ನ ಮುಖ ನೋಡುವುದಿಲ್ಲ ಎಂದೇ ಅಂದುಕೊಂಡೆ.

ಮಾವ ಬೂಟನ್ನೂ ಬಿಚ್ಚದೆ ಅತ್ತೆಯ ಕೋಣೆಗೆ ಹೋದರು. ಬೂಟು ಕಂಡ ಅತ್ತೆ ಬೈಯಲು ಬಾಯಿ ತೆರೆದವರು, ಅವರ ಹಿಂದೆ ನನ್ನ ಮುಖ ನೋಡಿ ಸುಮ್ಮನಾದರು. ಮಾವ ಮಂಚದ ಅಂಚಿಗೆ ಕೂತರು.

"ಯಾವತ್ತಿಂದ?" ಎಂದು ಕೇಳಿದರು.

ಅತ್ತೆ ನನ್ನತ್ತ ಕಣ್ಣು ಕೆಕ್ಕರಿಸಿದರು. ನಾನು ಹೇಳಲಿಲ್ಲ ಎಂದು ತಲೆಯಾಡಿಸಿದೆ. ಅವಳು ಹೇಳಲಿಲ್ಲ, ನಾನೇ ಮುಟ್ಟಿ ನೋಡಿದೆ ಎಂದರು ಮಾವ, ನಾವಿಬ್ಬರೂ ಏನು ಮಾಡುತ್ತಿದ್ದೇವೆಂದು ಕಂಡವರಂತೆ. ಮೊದಲ ಕೆಲವು ಸಲ ಬಿಟ್ಟರೆ ಶುರುವಿನಿಂದಲೂ ಎಂದು ಅತ್ತೆ ಒಪ್ಪಿಕೊಂಡರು. ಮಾವ ತಲೆ ತಗ್ಗಿಸಿದರು. ಆ ಕೊಳ ದಾಟಿಸಿದ ಹೊಡೆತವೂ ಹೀಗೇನಾ ಎಂದು ಕೇಳಿದರು. ಕಣ್ಣು ಪೂರ್ತಿ ಹೋದ ಮರುವರ್ಷ ಅವರು ಒಂದೇ ಏಟಿಗೆ ಮೈದಾನದ ಕೊಳವನ್ನು ದಾಟಿಸಿದ್ದರು. ಕಣ್ಣಿದ್ದವರೆಲ್ಲ ಚೆಂಡನ್ನು ನೀರಿಗೆ ಹಾಕಿದ್ದ ದಿನ ಅದು. ಕೆಲಸದವರೆಲ್ಲ ಅವರನ್ನು ಎತ್ತಿ ಕುಣಿಸಿದ್ದರಂತೆ. ಹೊಸದಾಗಿ ಪರಿಚಯವಾದವರು ಯಾರೇ ಆಗಲಿ, ಆ ಕಥೆ ಕೇಳದೆ ನಮ್ಮ ಮನೆಯಿಂದ ಹೊರಟದ್ದಿಲ್ಲ.

"ಅದು ನಂದಲ್ಲ ಅನ್ನು" ಎಂದರು ಮಾವ.

"ನಿಮ್ದೇ," ಎಂದರು ಅತ್ತೆ. "ಬೀಸಿದ್ದು ನೀವು, ದಾಟಿಸಿದ್ದು ನೀವು. ಬೀಸಿದಾಗ ಎಲ್ಲಿಗೆ ಬರ್ತೀರಿ ಅಂತ ನನಗೆ ಗೊತ್ತಿತ್ತು. ಚೆಂಡು ಅಲ್ಲಿರೋ ಹಾಗೆ ನೋಡ್ಕೊಂಡೆ, ಅಷ್ಟೇ."

ನಾನು ಬಾಗಿಲಲ್ಲೇ ಚೀಲ ಹೊತ್ತು ನಿಂತಿದ್ದೆ. ಇಳಿಸಿದರೆ ಸದ್ದಾಗುತ್ತದೆಂದು ಇಳಿಸಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದದ್ದು ನನ್ನ ಪುಣ್ಯ ಎಂದು ಆ ಹೊತ್ತಿನಲ್ಲಿ ಅನ್ನಿಸಿದಷ್ಟು ಇನ್ನೆಂದೂ ಅನ್ನಿಸಿರಲಿಲ್ಲ. ಮಾವ ಕೈ ಚಾಚಿ ಅತ್ತೆಯ ಕೈ ಹುಡುಕಿದರು. ಅತ್ತೆ ಕೊಡಲಿಲ್ಲ, ಇಷ್ಟು ವರ್ಷ ನಡು ತಪ್ಪಿದೆ ಎಂದು ಬೈಸಿಕೊಂಡ ಕೈ ಇದು ಎಂದು ಗೊಣಗಿದರು. ಆಮೇಲೆ ಕೊಟ್ಟರು.

ಮುಂದಿನ ಸೋಮವಾರದಿಂದ ಇವಳು ಇಡಲಿ, ನೀನು ಬ್ಯಾಟರಿ ಗಾಡಿಯಲ್ಲಿ ಕೂತು ನೋಡು, ತುಂತುರಣ್ಣ ಗಾಡಿ ತರ್ತಾನೆ ಎಂದರು ಮಾವ. ಕೊಳದ ಕಥೆಯನ್ನು ಇನ್ನು ಮೇಲೆ ಪೂರ್ತಿ ಹೇಳುತ್ತೇನೆ, ಎಲ್ಲರಿಗೂ ಹೇಳುತ್ತೇನೆ ಎಂದರು. ಬೇಡ, ಜನ ನಗುತ್ತಾರೆ ಎಂದರು ಅತ್ತೆ. ನಗಲಿ ಎಂದರು ಮಾವ.

"ಕಣ್ಣು ಹೋದ್ಮೇಲೆ ನಾನು ಕೋಲು ಹಿಡಿದ್ರೆ ಸಾಕು, ಎಲ್ರೂ ದೂರ ಸರೀತಿದ್ರು," ಎಂದರು. "ನೀನೊಬ್ಬಳೇ ಕಣೆ ನನ್ನ ಮುಂದೆ ಬಂದು ಕೂತಿದ್ದು."

ಅತ್ತೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಮಾವನಿಗೆ ಕಾಣುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ತಿರುಗಿಸಿಕೊಂಡರು.